ಉಪ್ಪುಗಾಳಿ ತಿಂದ ನಾಲ್ಕು ತಿರುಪುಗಳು

ನನ್ನ ಮೇಜಿನ ಮೇಲಿರುವ ಸ್ಕ್ರೂವಿನ ಪಕ್ಕದಲ್ಲಿ ಕುಚ್ಚಲಕ್ಕಿಯ ಒಂದು ಕಾಳನ್ನಿಟ್ಟರೆ ಕಾಳೇ ದೊಡ್ಡದಾಗಿ ಕಾಣುತ್ತದೆ. ಇಂಥ ನಾಲ್ಕನ್ನು ಮಾಡಲು ನನಗೆ ಆರು ಭಾನುವಾರಗಳು ಹಿಡಿದವು. ಅಂಗಡಿಯಲ್ಲಿ ಸಿಗುವುದಿಲ್ಲವೇ ಎಂದು ಮನೆಯವರೆಲ್ಲ ಕೇಳಿದರು. ಸಿಗುವುದಿಲ್ಲ. ಸಿಕ್ಕಿದಂತೆ ಕಾಣುತ್ತದೆ, ಅದೇ ತಂಟೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಂಗಳೂರಿನ ಬೋಳಾರದಲ್ಲಿರುವ ಗೆಳೆಯನ ಹಳೆಯ ಮನೆಯ ಚಾವಡಿಯಲ್ಲಿ ಒಂದು ವಾಯುಭಾರ ಮಾಪಕವಿದೆ. ಅವನ ಅಜ್ಜನಿಗೆ ಮಂಜಿಯ, ಅಂದರೆ ಸರಕಿನ ಹಾಯಿದೋಣಿಯ ವ್ಯವಹಾರವಿತ್ತು. ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗುವಾಗ ಅಕ್ಕಿ ಮತ್ತು ಹೆಂಚು, ಬರುವಾಗ ಕೊಬ್ಬರಿ. ಮಂಜಿ ಹೋಯಿತು, ಮಾಪಕ ಉಳಿಯಿತು. ಹಿತ್ತಾಳೆಯ ಗುಂಡನೆಯ ಡಬ್ಬಿ, ಮುಖದ ಮೇಲೆ ಲಂಡನ್ ಎಂಬ ಅಕ್ಷರ, 28ರಿಂದ 31ರವರೆಗೆ ಪಾದರಸದ ಎತ್ತರದ ಲೆಕ್ಕದಲ್ಲಿ ಅಂಗುಲದ ಗುರುತು, ಸುತ್ತಲೂ ಇಂಗ್ಲಿಷಿನಲ್ಲಿ ಬಿರುಗಾಳಿ, ಮಳೆ, ಬದಲಾವಣೆ, ಒಳ್ಳೆಯ ಹವೆ ಎಂಬ ಭವಿಷ್ಯವಾಣಿ. ಮುಳ್ಳು ಮಾತ್ರ ಎಷ್ಟೋ ವರ್ಷಗಳಿಂದ 28.4ರಲ್ಲಿ ನಿಂತುಬಿಟ್ಟಿತ್ತು. ಅದನ್ನು ನಂಬುವುದಾದರೆ ಬೋಳಾರದಲ್ಲಿ ದಶಕಗಳಿಂದ ಚಂಡಮಾರುತ ಬೀಸುತ್ತಿದೆ.

ಬಿಚ್ಚಿ ನೋಡಿದೆ. ಇದು ಪಾದರಸವಿಲ್ಲದ ಬಗೆಯದು. ಫ್ರಾನ್ಸಿನ ಲೂಸಿಯಾನ್ ವಿದಿ 1844ರಲ್ಲಿ ಹಕ್ಕುಪತ್ರ ಪಡೆದ ಉಪಾಯ: ಗಾಳಿ ತೆಗೆದ, ಅಲೆಅಲೆಯಾದ ತೆಳು ತಗಡಿನ ಡಬ್ಬಿ, ಅದು ಚಪ್ಪಟೆಯಾಗದಂತೆ ಮೇಲಕ್ಕೆಳೆದು ಹಿಡಿದಿರುವ ಗಟ್ಟಿ ಸ್ಪ್ರಿಂಗು, ಅದರ ಕೂದಲೆಳೆಯಷ್ಟು ಚಲನೆಯನ್ನು ಹಿಗ್ಗಿಸುವ ಸನ್ನೆಗಳು, ಕೊನೆಗೆ ಮುಳ್ಳಿನ ಅಕ್ಷಕ್ಕೆ ಸುತ್ತಿಕೊಳ್ಳುವ ಸಣ್ಣ ಸರಪಳಿ. ಡಬ್ಬಿ ಮತ್ತು ಸ್ಪ್ರಿಂಗಿನ ಜೋಡಿಯನ್ನು ನಾನು ಮುಟ್ಟಲಿಲ್ಲ. ಐದು ಸೆಂಟಿಮೀಟರ್ ಅಗಲದ ಆ ಡಬ್ಬಿಯ ಮೇಲೆ ಗಾಳಿ ಹೇರುವ ಭಾರ ಸುಮಾರು 20 ಕಿಲೋ. ಸ್ಪ್ರಿಂಗಿನಿಂದ ಬಿಡಿಸಿದರೆ ಡಬ್ಬಿ ಅಲ್ಲೇ ಕುಸಿಯುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ.

ಪುಣ್ಯಕ್ಕೆ ಡಬ್ಬಿ ಸರಿಯಿತ್ತು. ಕೆಟ್ಟಿದ್ದು ಮುಳ್ಳಿನ ಅಕ್ಷವನ್ನು ಹಿಡಿಯುವ ಮೇಲಿನ ಪಟ್ಟಿ. ನಾಲ್ಕು ಕಿರುಗಂಬಗಳ ಮೇಲೆ ನಾಲ್ಕು ಉಕ್ಕಿನ ಸ್ಕ್ರೂಗಳಿಂದ ಅದು ನಿಲ್ಲಬೇಕು. ಎರಡು ಸ್ಕ್ರೂಗಳು ಕಂಬದೊಳಗೇ ತುಂಡಾಗಿದ್ದವು, ಒಂದು ಕಾಣೆಯಾಗಿತ್ತು, ನಾಲ್ಕನೆಯದರ ತಲೆ ತುಕ್ಕಿನ ಹುಡಿಯಾಗಿತ್ತು. ಪಟ್ಟಿ ವಾಲಿ ಅಕ್ಷ ಬಿಗಿದುಕೊಂಡಿತ್ತು. ಹಿತ್ತಾಳೆಯೊಳಗೆ ಉಕ್ಕು, ಅದರ ಮೇಲೆ ಸಮುದ್ರದ ಉಪ್ಪಿನ ತೇವ. ಎರಡು ಲೋಹಗಳ ನಡುವೆ ಉಪ್ಪುನೀರು ಬಂದರೆ ಅದೊಂದು ಪುಟ್ಟ ಬ್ಯಾಟರಿ, ಸವೆಯುವುದು ಉಕ್ಕೇ. ಲಂಡನ್ನಿನಲ್ಲಿ ಮಾಡಿದವನಿಗೆ ನಮ್ಮ ಗಾಳಿಯ ಅಂದಾಜು ಇರಲಿಲ್ಲ.

ಮುರಿದ ತುಂಡುಗಳನ್ನು ಹೊರತೆಗೆಯುವುದು ಮೊದಲ ಕೆಲಸ. ಡ್ರಿಲ್ ಮಾಡಲು ಹೋದರೆ ಮೊನೆ ಗಟ್ಟಿ ಉಕ್ಕಿನಿಂದ ಜಾರಿ ಮೆದು ಹಿತ್ತಾಳೆಯನ್ನು ಕೊರೆಯುತ್ತದೆ, ಕಂಬವೇ ಹೋಗುತ್ತದೆ. ಗಡಿಯಾರ ರಿಪೇರಿಯವರ ಹಳೆಯ ಮದ್ದೊಂದಿದೆ: ಪಟಿಕ. ಕ್ಷೌರದ ನಂತರ ಗಲ್ಲಕ್ಕೆ ತಿಕ್ಕುವ ಅದೇ ಹರಳು. ಪಟಿಕದ ದ್ರಾವಣ ಉಕ್ಕನ್ನು ತಿನ್ನುತ್ತದೆ, ಹಿತ್ತಾಳೆಯ ತಂಟೆಗೆ ಹೋಗುವುದಿಲ್ಲ. ಬಿಸಿಯಾಗಿದ್ದರೆ ಬೇಗ ತಿನ್ನುತ್ತದೆ. ಎರಡು ಕಂಬಗಳನ್ನು ತಳದಿಂದ ಬಿಡಿಸಿ, ಉಪ್ಪಿನಕಾಯಿಯ ಗಾಜಿನ ಬಾಟಲಿಯಲ್ಲಿ ಪಟಿಕ ಕರಗುವಷ್ಟು ಕರಗಿಸಿ, ಅದರಲ್ಲಿ ಮುಳುಗಿಸಿದೆ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು, ನೀರು ಆರಿದಾಗಲೆಲ್ಲ ಮತ್ತೆ ಕಾಯಿಸಿದೆ. ಕೆಲವು ಗಂಟೆಗಳಲ್ಲಿ ತುಂಡಿನ ಮೇಲೆ ಸಣ್ಣ ಗುಳ್ಳೆಗಳೇಳತೊಡಗಿದವು. ಗುಳ್ಳೆ ಕಂಡರೆ ಕೆಲಸ ನಡೆಯುತ್ತಿದೆ ಎಂದರ್ಥ. ಮೂರನೆಯ ದಿನ ರಂಧ್ರದಲ್ಲಿ ಕಪ್ಪು ಕೆಸರು ಮಾತ್ರ ಉಳಿದಿತ್ತು. ಸೂಜಿಯಿಂದ ಕೆದಕಿ ತೊಳೆದಾಗ ಒಳಗಿನ ಥ್ರೆಡ್, ಅಂದರೆ ತಿರುಪಿನ ಸುರುಳಿ ಗೀರು, ಹೊಸದರಂತೆ ಹೊಳೆಯಿತು. ಇಡೀ ಯೋಜನೆಯಲ್ಲಿ ನಾನು ಸುಮ್ಮನೆ ಕೂತಿದ್ದಾಗಲೇ ತಪ್ಪಿಲ್ಲದೆ ಮುಗಿದ ಕೆಲಸ ಇದೊಂದೇ.

ತಲೆ ಸವೆದ ನಾಲ್ಕನೆಯ ಸ್ಕ್ರೂವನ್ನು ಬೆಸುಗೆ ಕಡ್ಡಿಯಿಂದ ಕಾಯಿಸಿ, ಎಣ್ಣೆ ಹಾಕಿ, ಸಣ್ಣ ಇಕ್ಕಳದಿಂದ ಹಿಡಿದು ಬಿಚ್ಚಿದೆ. ಅಳತೆಗೆ ಅದೊಂದೇ ಮಾದರಿ. ಹೊರವ್ಯಾಸ ಮೈಕ್ರೋಮೀಟರಿನಲ್ಲಿ 1.68 ಮಿ.ಮೀ. ಮೊಬೈಲಿನ ಕ್ಯಾಮೆರಾಕ್ಕೆ ಭೂತಗನ್ನಡಿ ಹಿಡಿದು, ಉಕ್ಕಿನ ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಚಿತ್ರ ತೆಗೆದು ಎಣಿಸಿದರೆ ಹತ್ತು ಸುತ್ತಿಗೆ 3.5 ಮಿ.ಮೀ. ಅಂದರೆ ಪಿಚ್, ಒಂದು ಸುತ್ತಿನಿಂದ ಮುಂದಿನದಕ್ಕಿರುವ ದೂರ, 0.35.

ಇಲ್ಲೇ ನಾನು ಬಿದ್ದ ಹಳ್ಳ. ಈಗಿನ ಮೆಟ್ರಿಕ್ ಅಳತೆಯ ಎಂ1.6, ಅಂದರೆ 1.6 ಮಿ.ಮೀ. ವ್ಯಾಸದ ಸ್ಕ್ರೂವಿನ ಪಿಚ್ ಕೂಡ 0.35. ವ್ಯಾಸದಲ್ಲಿ ಕೂದಲೆಳೆಯ ವ್ಯತ್ಯಾಸ, ತುಕ್ಕಿನಿಂದ ಉಬ್ಬಿರಬೇಕು ಎಂದುಕೊಂಡು ಕಂಪ್ಯೂಟರ್ ರಿಪೇರಿಯ ಡಬ್ಬಿಯಿಂದ ಒಂದು ಎಂ1.6 ಹಾಕಿದೆ. ಸಲೀಸಾಗಿ ಒಳಹೋಯಿತು. ಕೊನೆಯವರೆಗೂ ಸಲೀಸಾಗಿಯೇ ಹೋಯಿತು, ಬಿಗಿಯಾಗಲೇ ಇಲ್ಲ. ಬೆರಳಲ್ಲಿ ಅಲ್ಲಾಡಿಸಿದರೆ ಹಾಲುಹಲ್ಲಿನಂತೆ ಅಲ್ಲಾಡಿತು. ಇದು ಎಂ1.6 ಅಲ್ಲ, ಬ್ರಿಟಿಷರ ಉಪಕರಣಗಳಲ್ಲಿ ಬಳಕೆಯಲ್ಲಿದ್ದ ಬಿಎ (ಬ್ರಿಟಿಷ್ ಅಸೋಸಿಯೇಷನ್) ಸಾಲಿನ ಹತ್ತನೆಯ ಸಂಖ್ಯೆಯದು, 10 ಬಿಎ. ಹೊರವ್ಯಾಸ 1.7, ಪಿಚ್ 0.35, ಸುತ್ತಿನ ಕೋನ ಮೆಟ್ರಿಕ್‌ನಂತೆ 60 ಡಿಗ್ರಿಯಲ್ಲ, 47.5. ನಮ್ಮಲ್ಲಿಯೂ ಹಳೆಯ ವಿದ್ಯುತ್ ಸಾಮಾನಿನಲ್ಲಿ ಬಿಎ ಸ್ಕ್ರೂಗಳಿರುತ್ತಿದ್ದವು. ತಲೆ ನರೆತ ಎಲೆಕ್ಟ್ರಿಷಿಯನ್ ಯಾರನ್ನಾದರೂ ಕೇಳಿದರೆ 2 ಬಿಎ, 4 ಬಿಎ ಎಂದು ಹೇಳಿಯಾರು.

ಈ ಬಿಎ ಲೆಕ್ಕ ನನಗೆ ತುಂಬ ಇಷ್ಟವಾಯಿತು. ಜಿನೀವಾದ ಮಾರ್ಕ್ ಥ್ಯೂರಿ ಗಡಿಯಾರದ ಸ್ಕ್ರೂಗಳಿಗೆ ಕಟ್ಟಿದ ಪದ್ಧತಿಯನ್ನು ಬ್ರಿಟಿಷರು 1884ರಲ್ಲಿ ತಮ್ಮದಾಗಿಸಿಕೊಂಡರು. ಸೊನ್ನೆಯ ಸ್ಕ್ರೂವಿನ ಪಿಚ್ 1 ಮಿ.ಮೀ.; ಮುಂದಿನ ಪ್ರತಿಯೊಂದೂ ಹಿಂದಿನದರ 0.9ರಷ್ಟು. ಹತ್ತು ಸಲ 0.9ರಿಂದ ಗುಣಿಸಿ ನೋಡಿ, 0.35 ಬರುತ್ತದೆ. ಸ್ಕ್ರೂವಿನ ಹೆಸರೇ ಅದರ ಸೂತ್ರ. ಅಂಗುಲಕ್ಕೆ ಜೋತುಬಿದ್ದಿದ್ದ ದೇಶ ತನ್ನ ಅತಿ ಸೂಕ್ಷ್ಮ ಕೆಲಸಕ್ಕೆ ಸದ್ದಿಲ್ಲದೆ ಮಿಲಿಮೀಟರನ್ನು ಬಳಸಿತ್ತು ಎಂಬುದು ಇನ್ನೊಂದು ಗಮ್ಮತ್ತು.

ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಅರ್ಧ ದಿನ ಅಲೆದೆ. 4 ಬಿಎ ಸ್ಕ್ರೂಗಳ ಧೂಳು ಹಿಡಿದ ಪೊಟ್ಟಣವೊಂದು ಸಿಕ್ಕಿತು, ಹತ್ತರ ಸುದ್ದಿಯಿಲ್ಲ. ಸರಳಿನ ಹೊರಮೈಗೆ ಥ್ರೆಡ್ ಕೊರೆಯುವ 10 ಬಿಎ ಡೈ ಮತ್ತು ರಂಧ್ರದೊಳಗೆ ಕೊರೆಯುವ ಟ್ಯಾಪ್‌ಗಳನ್ನು ತರಿಸಿಕೊಂಡು, ಸ್ಕ್ರೂವನ್ನು ನಾನೇ ಕಡೆಯುವುದೆಂದು ತೀರ್ಮಾನಿಸಿದೆ.

ನನ್ನ ಲೇತ್, ಅಂದರೆ ಲೋಹ ಕಡೆಯುವ ಯಂತ್ರದ ಬಗ್ಗೆ ಎರಡು ಮಾತು. ಕದ್ರಿಯ ಮನೆಯ ಹಿಂದಿನ ಕೋಣೆಯಲ್ಲಿ, ಹೊಲಿಗೆ ಯಂತ್ರವಿದ್ದ ಜಾಗದಲ್ಲಿ ಕುಳಿತಿದೆ. ಕೇಂದ್ರಗಳ ನಡುವೆ 300 ಮಿ.ಮೀ., ವೇಗ ನಿಮಿಷಕ್ಕೆ 2,500 ಸುತ್ತು, ತೂಕ ನಲವತ್ತು ಕಿಲೋ ಆಸುಪಾಸು. ಯೆಯ್ಯಾಡಿಯ ಕಾರ್ಖಾನೆಯಲ್ಲಿ ದೊಡ್ಡ ಲೇತ್ ಓಡಿಸುವ ಪರಿಚಿತರೊಬ್ಬರು ಇದನ್ನು ನೋಡಿ, ಚಕ್ಕುಲಿ ಒರಳೇ ಎಂದು ಕೇಳಿದ್ದರು. ಸಣ್ಣ ಸ್ಕ್ರೂಗೆ ಅವರ ಲೇತ್‌ಗಿಂತ ಇದೇ ಮೇಲು ಎಂದು ನಾನು ವಾದಿಸಿದೆ. ಪೂರ್ತಿ ಸುಳ್ಳಲ್ಲ. ಆದರೆ 3 ಮಿ.ಮೀ. ಸರಳಿನ ಮೇಲೆ 2,500 ಸುತ್ತು ಎಂದರೆ ಉಳಿಯ ಮುಂದೆ ಲೋಹ ಹರಿಯುವ ವೇಗ ನಿಮಿಷಕ್ಕೆ 24 ಮೀಟರ್ ಕೂಡ ಆಗುವುದಿಲ್ಲ. ಹಿತ್ತಾಳೆಗೆ ಅದರ ಎರಡು ಪಟ್ಟಾದರೂ ಸಲ್ಲುತ್ತದೆ. ಹಾಗಾಗಿ ಯಂತ್ರವನ್ನು ಅದರ ಪೂರ್ತಿ ವೇಗಕ್ಕೆ ಬಿಟ್ಟುಬಿಟ್ಟೆ.

ಯಾವ ಲೋಹ? ಹಳೆಯದನ್ನು ಹಳೆಯದರಂತೆಯೇ ಮಾಡಬೇಕೆನ್ನುವವರು ನೀಲಿ ಹದ ಕೊಟ್ಟ ಉಕ್ಕನ್ನೇ ಹೇಳುತ್ತಾರೆ. ನಾನು ಕೇಳಲಿಲ್ಲ. ಸ್ಕ್ರೂ ಮುರಿದ ಕಾರಣವನ್ನೇ ಹೊಸದಾಗಿ ತುಂಬುವುದರಲ್ಲಿ ಏನರ್ಥ? ಈ ಪಟ್ಟಿಯ ಮೇಲೆ ಬೀಳುವ ಬಲವೂ ಅತ್ಯಲ್ಪ. ಮೊದಲು ಗುಜರಿಯಿಂದ ತಂದ ಹೆಸರಿಲ್ಲದ ಸ್ಟೇನ್‌ಲೆಸ್ ಸರಳಿನಲ್ಲಿ ಪ್ರಯತ್ನಿಸಿದೆ. ಉಳಿ ಒಂದು ಕ್ಷಣ ತಡೆದು ಉಜ್ಜಿದರೂ ಅದರ ಮೈ ಗಟ್ಟಿಯಾಗಿಬಿಡುತ್ತದೆ. ಡೈ ಅರ್ಧ ದಾರಿಯಲ್ಲಿ ಕಿರುಚಿ ನಿಂತಿತು. ಆಮೇಲೆ ಸೀಸ ಬೆರೆಸಿದ, ಸುಲಭವಾಗಿ ಕಡೆಯಬಹುದಾದ ಹಿತ್ತಾಳೆ ಸರಳನ್ನು ತಂದೆ. ಐಎಸ್ 319 ಎಂದು ಕೇಳಿ ಪಡೆಯಬೇಕು. ಪಾತ್ರೆಯ ಹಿತ್ತಾಳೆಯಂತೆ ಇದು ಜಗ್ಗುವುದಿಲ್ಲ. ತುರಿ ಮರಳಿನಂತೆ ಉದುರುತ್ತದೆ.

ಈಗ ಕಷ್ಟದ ಭಾಗ. ಸಣ್ಣ ಸ್ಕ್ರೂ ಎಂದರೆ ಥ್ರೆಡ್ ಕೊರೆಯುವುದೇ ಕಷ್ಟ ಎಂದು ನಾನು ಭಾವಿಸಿದ್ದೆ. ಅಲ್ಲ, ಕಷ್ಟವಿರುವುದು ಹಿಡಿಯುವುದರಲ್ಲಿ. ಸರಳು ಹೊರಚಾಚಿದ ಉದ್ದ ಎರಡರಷ್ಟಾದರೆ ಅದು ಎಂಟರಷ್ಟು ಬಾಗುತ್ತದೆ. ವ್ಯಾಸ ಅರ್ಧವಾದರೆ ಹದಿನಾರರಷ್ಟು. ನಾನು ಮೊದಲು ಮಾಡಿದ್ದು ದೊಡ್ಡ ಕೆಲಸದ ಅಭ್ಯಾಸ: ಮೂರು ದವಡೆಯ ಚಕ್ಕಿನಲ್ಲಿ ಹಿಡಿದು, 15 ಮಿ.ಮೀ. ಹೊರಬಿಟ್ಟು, 3ರಿಂದ 2.6, 2.6ರಿಂದ 2.2, ಹೀಗೆ ಸ್ವಲ್ಪಸ್ವಲ್ಪವೇ ಇಳಿಸುವುದು. ಕೊನೆಯ ಸುತ್ತಿಗೆ ಬರುವಾಗ ಸರಳು ಉಳಿಯಿಂದ ದೂರ ಬಾಗಿ, ತುದಿಯಲ್ಲಿ 1.78, ಬುಡದಲ್ಲಿ 1.66. ತೆಂಗಿನ ಗರಿಯ ಕಡ್ಡಿಯನ್ನು ಕತ್ತಿಯಿಂದ ಹೆರೆದಂತೆ.

ಸರಿಯಾದ ದಾರಿ ಇದಕ್ಕೆ ಪೂರ್ತಿ ವಿರುದ್ಧ. ಚಕ್ ತೆಗೆದು ಕೊಲೆಟ್, ಅಂದರೆ ಸರಳನ್ನು ಸುತ್ತಲೂ ಸಮನಾಗಿ ಅಪ್ಪಿ ಹಿಡಿಯುವ ಸೀಳು ಕೊಳವೆ, ಹಾಕಿದೆ. ಓಲಾಟ ಅಲ್ಲಿಗೇ ಬಹುಪಾಲು ಹೋಯಿತು. ಸರಳನ್ನು 7 ಮಿ.ಮೀ. ಮಾತ್ರ ಹೊರಬಿಟ್ಟು, 3 ಮಿ.ಮೀ.ಯಿಂದ ಕೊನೆಯ ಅಳತೆಗೆ ಒಂದೇ ಏಟಿಗೆ ಇಳಿಸಿದೆ. ಕೇಳಲು ಹುಚ್ಚು ಧೈರ್ಯದಂತಿದೆ. ಆದರೆ ಉಳಿ ಕಡಿಯುತ್ತಿರುವ ಜಾಗದ ಹಿಂದೆ ಆಗ ದಪ್ಪ ಸರಳೇ ಆಸರೆಯಾಗಿ ನಿಂತಿರುತ್ತದೆ. ತೆಳುವಾದ ಭಾಗವನ್ನು ಮತ್ತೆ ಮುಟ್ಟುವ ಪ್ರಮೇಯವೇ ಬರುವುದಿಲ್ಲ. ಇದಕ್ಕೆ ಉಳಿ ಹರಿತವಾಗಿರಬೇಕು. ಅಂಗಡಿಯ ಕಾರ್ಬೈಡ್ ತುಣುಕುಗಳ ಮೂತಿ ನುಣ್ಣಗೆ ದುಂಡಾಗಿರುತ್ತದೆ, ಸಾಮಾನ್ಯವಾಗಿ 0.4 ಮಿ.ಮೀ. ತ್ರಿಜ್ಯ, ಇಷ್ಟು ಸಣ್ಣ ಕೆಲಸವನ್ನು ಅದು ಕಡಿಯುವುದಕ್ಕಿಂತ ತಳ್ಳುವುದೇ ಹೆಚ್ಚು. ಹೈಸ್ಪೀಡ್ ಉಕ್ಕಿನ ಉಳಿಯನ್ನೇ ಮಸೆದು, ಹಿತ್ತಾಳೆಗೆ ಬೇಕಾದಂತೆ ಮೇಲ್ಮೈಯನ್ನು ಸಪಾಟಾಗಿಟ್ಟು, ಎಣ್ಣೆಕಲ್ಲಿನ ಮೇಲೆ ಅಂಚು ತೀಡಿದೆ. ಎತ್ತರವನ್ನೂ ಅಕ್ಷಕ್ಕೆ ಸರಿಯಾಗಿ ಕೂರಿಸಿದೆ. ದೊಡ್ಡ ಕೆಲಸದಲ್ಲಿ ಯಾರೂ ಗಮನಿಸದ 0.1 ಮಿ.ಮೀ. ಇಲ್ಲಿ ತುದಿಯಲ್ಲಿ ಮೊಡವೆಯಾಗಿ ಉಳಿಯುತ್ತದೆ.

ಬೇಕಾದ ಅಳತೆ 1.66. ನನ್ನ ಯಂತ್ರದಲ್ಲಿ ಉಳಿಯನ್ನು ಕೆಲಸದತ್ತ ಸರಿಸುವ ಅಡ್ಡ ಸ್ಲೈಡಿನಲ್ಲಿ ಒಂದು ಗೆರೆ ಎಂದರೆ 0.025 ಮಿ.ಮೀ., ವ್ಯಾಸದಲ್ಲಿ ಅದರ ಎರಡರಷ್ಟು. ಎರಡು ಗೆರೆಗಳ ನಡುವೆ ಕಣ್ಣಳತೆಯಲ್ಲಿ ನಿಲ್ಲಿಸಿ ಶತಾಂಶ ಹಿಡಿಯುತ್ತೇನೆ ಎನ್ನುವವರಿಗೆ ನನ್ನ ನಮಸ್ಕಾರ. ನಾನು ಅದರ ಮೇಲೆ ಕೂರುವ ಇನ್ನೊಂದು ಸ್ಲೈಡನ್ನು ಯಂತ್ರದ ಅಕ್ಷಕ್ಕೆ 5.7 ಡಿಗ್ರಿ ಮಾತ್ರ ಓರೆಯಾಗಿ ತಿರುಗಿಸಿ ಬಿಗಿದೆ. ಆ ಕೋನದ ಸೈನ್ ಬೆಲೆ ಹತ್ತನೇ ಒಂದು. ಸ್ಲೈಡ್ 0.1 ಮುಂದೆ ಹೋದರೆ ಉಳಿ ಕೆಲಸದ ಕಡೆಗೆ ಹೋಗುವುದು 0.01 ಮಾತ್ರ. ಶಾಲೆಯಲ್ಲಿ ಬಾಯಿಪಾಠ ಮಾಡಿದ ತ್ರಿಕೋನಮಿತಿ ಮೊದಲ ಬಾರಿಗೆ ಹಿತ್ತಾಳೆಯಲ್ಲಿ ಕಾಣಿಸಿತು.

1.7ರ ಸ್ಕ್ರೂಗೆ 1.66 ಏಕೆ? ಡೈ ಲೋಹವನ್ನು ಕಡಿಯುವುದರ ಜೊತೆಗೆ ಸ್ವಲ್ಪ ಹಿಂಡಿ ಮೇಲಕ್ಕೂ ಎಬ್ಬಿಸುತ್ತದೆ. ಸರಳು ಪೂರ್ತಿ 1.7 ಇದ್ದರೆ ಉಬ್ಬಿದ ಲೋಹಕ್ಕೆ ಜಾಗವಿಲ್ಲದೆ ಬಿಗಿಯುತ್ತದೆ. ಇದನ್ನು ತಿಳಿಯಲು ನಾನು ಐದು ಸ್ಕ್ರೂಗಳನ್ನು ತೆತ್ತೆ. ಸುತ್ತಿನ ತಳದಲ್ಲಿ ಉಳಿಯುವ ತಿರುಳು 1.3 ಮಿ.ಮೀ.ಯೂ ಇಲ್ಲ, ಕೈಗೆ ಬಿಗಿತ ತಿಳಿಯುವಷ್ಟರಲ್ಲಿ ಟಿಕ್ ಎಂದು ಮುರಿದಿರುತ್ತದೆ, ತುಂಡು ಡೈಯೊಳಗೆ ಕುಳಿತಿರುತ್ತದೆ.

ಡೈಯನ್ನು ಕೈಹಿಡಿಯಲ್ಲಿ ಹಿಡಿದು ತಿರುಗಿಸುವುದೂ ಬೇಡ. ಒಂದಿಷ್ಟು ವಾಲಿದರೂ ಸ್ಕ್ರೂ ಕುಡಿದವನಂತೆ ಹುಟ್ಟುತ್ತದೆ. ಹಿಂಬದಿಯ ಆಸರೆಯಲ್ಲಿ ಒಂದು ನೇರ ಸರಳು, ಅದರ ಮೇಲೆ ಜಾರುವ ಡೈ ಹಿಡಿಕೆ: ಇದನ್ನು ಮಾಡುವುದಕ್ಕೇ ಒಂದು ಭಾನುವಾರ ಹೋಯಿತು. ಇನ್ನೊಂದು ಭಾನುವಾರ ಲೇತ್‌ನ ಅಕ್ಷವನ್ನು ಕೈಯಿಂದ ತಿರುಗಿಸಲು ಹಿಂದಿನ ತೂತಿಗೆ ಬಿಗಿಯುವ ಹಿಡಿಗೆ. ಮೋಟರ್ ಇಲ್ಲಿ ಬೇಡವೇ ಬೇಡ. ಸೀಳು ಡೈಯನ್ನು ಮೊದಲು ಸ್ವಲ್ಪ ಅಗಲಿಸಿ ಒಮ್ಮೆ, ಆಮೇಲೆ ಮುಚ್ಚಿ ಇನ್ನೊಮ್ಮೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಆರನೆಯ ಪ್ರಯತ್ನದಲ್ಲಿ ಡೈ ಬೆಣ್ಣೆಯ ಮೇಲೆ ಹೋದಂತೆ ಹೋಯಿತು.

ಆದರೂ ಒಂದು ತಕರಾರು. ಡೈಯ ಬಾಯಿಯ ಮೊದಲ ಒಂದೆರಡು ಹಲ್ಲುಗಳು ಸವರಿದಂತಿರುವುದರಿಂದ ತಲೆಯ ಬುಡದವರೆಗೆ ಪೂರ್ತಿ ಥ್ರೆಡ್ ಬರುವುದಿಲ್ಲ. ಡೈಯನ್ನು ಮಗುಚಿ ಹಾಕಿದೆ. ಒಂದು ಸ್ಕ್ರೂ ಮುರಿಯಿತು. ತಲೆಯ ಕೆಳಗೆ ಸಣ್ಣ ಕಂಠ ಕೊರೆದೆ, ಅಲ್ಲೇ ಮುರಿಯಿತು. ಎರಡು ಸಂಜೆ ಹೀಗೆ ಕಳೆದ ಮೇಲೆ ಬೇಸರದಿಂದ ಪಟ್ಟಿಯನ್ನು ಕೈಗೆತ್ತಿಕೊಂಡು ನೋಡಿದರೆ, ಅದರ ದಪ್ಪ 1 ಮಿ.ಮೀ., ರಂಧ್ರದಲ್ಲಿ ಥ್ರೆಡ್ಡೇ ಇಲ್ಲ, ಸ್ಕ್ರೂ ಸುಮ್ಮನೆ ದಾಟಿಹೋಗುವ ಸಡಿಲ ರಂಧ್ರ. ತಲೆಯ ಕೆಳಗಿನ ಒಂದು ಮಿ.ಮೀ.ಗೆ ಥ್ರೆಡ್ ಬೇಕಾಗಿಯೇ ಇರಲಿಲ್ಲ! ಹಳೆಯ ಸ್ಕ್ರೂವಿನ ಚಿತ್ರವನ್ನು ಮತ್ತೆ ನೋಡಿದೆ. ಅದರಲ್ಲೂ ಅಲ್ಲಿ ಬೋಳು. ಸುತ್ತುಗಳನ್ನು ಎಣಿಸಿದವನು ನಾನೇ, ನೋಡದವನೂ ನಾನೇ.

ಸ್ಕ್ರೂವನ್ನು ಸರಳಿನಿಂದ ಕತ್ತರಿಸಿ ಬೇರ್ಪಡಿಸುವಾಗ ಇನ್ನೊಂದು ಪಾಠ. ಉಕ್ಕಿನದಾದರೆ ಅಯಸ್ಕಾಂತದಿಂದ ಹುಡುಕಬಹುದು. ಹಿತ್ತಾಳೆಯ ಸ್ಕ್ರೂ ಹಿತ್ತಾಳೆಯ ತುರಿಯ ರಾಶಿಯಲ್ಲಿ ಬಿದ್ದರೆ ದೇವರೇ ಗತಿ. ಮೊದಲ ಒಳ್ಳೆಯ ಸ್ಕ್ರೂ ಹಾಗೆಯೇ ಹೋಯಿತು. ತುರಿಯನ್ನೆಲ್ಲ ಗೆರಸೆಯಲ್ಲಿ ಅಕ್ಕಿಯಂತೆ ಕೇರಿದರೂ ಸಿಗಲಿಲ್ಲ. ಆಮೇಲಿನಿಂದ ಕತ್ತರಿಸುವ ಮುನ್ನ ತಟ್ಟೆಯನ್ನು ಪೂರ್ತಿ ಗುಡಿಸಿ, ಹಳೆಯ ಬಿಳಿ ಪಂಚೆಯ ತುಂಡು ಹಾಸುತ್ತೇನೆ.

ಇನ್ನು ತಲೆಯ ಮೇಲೆ ಸ್ಕ್ರೂಡ್ರೈವರ್ ಕೂರುವ ಗೆರೆ. ಸ್ಕ್ರೂ ಬೇರೆಯಾದ ಮೇಲೆ ಅದನ್ನು ಹಿಡಿಯುವುದು ಎಲ್ಲಿ? ಥ್ರೆಡ್ಡನ್ನು ಇಕ್ಕಳದಲ್ಲಿ ಹಿಡಿದರೆ ನಜ್ಜಾಗುತ್ತದೆ. 6 ಮಿ.ಮೀ. ಹಿತ್ತಾಳೆ ಸರಳಿನ ತುಂಡಿಗೆ 1.4 ರಂಧ್ರ ಕೊರೆದು, 10 ಬಿಎ ಟ್ಯಾಪ್ ಹಾಕಿ, ಉದ್ದಕ್ಕೆ ಒಂದು ಬದಿ ಸೀಳಿದೆ. ಸ್ಕ್ರೂವನ್ನು ಅದರೊಳಗೆ ತಿರುಗಿಸಿ ಕೊಲೆಟ್ ಬಿಗಿದರೆ ಸೀಳು ಮುಚ್ಚಿಕೊಂಡು ಸ್ಕ್ರೂವನ್ನು ನೋಯಿಸದೆ ಹಿಡಿಯುತ್ತದೆ. ಹಾಗೇ ಹಿಡಿದು ತಲೆಯನ್ನು 2.8ಕ್ಕೆ ಇಳಿಸಿ, ಮುಖ ನುಣುಪು ಮಾಡಿ, ಅಂಚಿನ ಚೂಪು ಸವರಿದೆ. ಗೆರೆಗೆ ರಥಬೀದಿಯ ಕಡೆಯ ಚಿನಿವಾರರೊಬ್ಬರು ತಮ್ಮ ಗರಗಸದ ಎರಡು ಅಲಗುಗಳನ್ನು ಕೊಟ್ಟರು, ದಪ್ಪ 0.35 ಮಿ.ಮೀ. ದುಡ್ಡು ಕೇಳಲಿಲ್ಲ, ಸ್ಕ್ರೂ ಆದ ಮೇಲೆ ತಂದು ತೋರಿಸಿ ಎಂದರು. ತೋರಿಸಿದಾಗ ಕಣ್ಣಿಗೆ ಮಸೂರ ಏರಿಸಿ ನೋಡಿ, ಒಂದರ ಗೆರೆ ನಡುವಿನಿಂದ ತುಸು ಸರಿದಿದೆ ಎಂದರು. ಸರಿದಿತ್ತು. ಅದನ್ನು ಮತ್ತೆ ಮಾಡಿದೆ.

ಗಾಜಿನ ಮೇಲಿನ ಗುರುತುಮುಳ್ಳನ್ನು ಬೆರಳಿನಿಂದ ತಿರುಗಿಸುವ ಗುಬ್ಬಿಯೂ ಹೋಗಿತ್ತು. ಅದು ಸುಲಭದ ಕೆಲಸ: 60 ಹಲ್ಲಿನ ಗೇರನ್ನು ಅಕ್ಷಕ್ಕೆ ಹಾಕಿ, ಒಂದು ಬಿಟ್ಟು ಒಂದು ಹಲ್ಲಿಗೆ ನಿಲ್ಲಿಸುತ್ತ ಚೂಪು ಉಳಿಯಿಂದ ಮೂವತ್ತು ಗೀರು ಎಳೆದೆ, ಬೆರಳಿಗೆ ಹಿಡಿತ ಸಿಕ್ಕಿತು.

ಅಷ್ಟರಲ್ಲಿ ಜೂನ್ ಬಂತು. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಲೇತ್ ಇಟ್ಟುಕೊಳ್ಳುವುದು ಎಂದರೆ ಕೈಗೂಸು ಸಾಕಿದಂತೆ. ಚಪ್ಪಲಿಗೂ ಬೂಷ್ಟು ಹಿಡಿಯುವ ಕಾಲ. ಬೆವರಿದ ಬೆರಳು ತಾಗಿದ ಜಾಗದಲ್ಲಿ ಮರುದಿನ ಕಂದು ಗುರುತು. ಕೆಲಸ ಮುಗಿದ ಕೂಡಲೇ ಹಳಿಗಳಿಗೆಲ್ಲ ಯಂತ್ರದ ಎಣ್ಣೆ ಸವರಿ ಮುಚ್ಚುತ್ತೇನೆ. ತೆಂಗಿನೆಣ್ಣೆ ಬೇಡ; ಹಿಂದೊಮ್ಮೆ ಹಚ್ಚಿ, ಅಂಟಾದದ್ದನ್ನು ಸೀಮೆಎಣ್ಣೆಯಲ್ಲಿ ಕೆರೆದು ತೆಗೆದಿದ್ದೇನೆ.

ನಾಲ್ಕು ಸ್ಕ್ರೂ ಹಾಕಿ ಬಿಗಿದಾಗ ಪಟ್ಟಿ ಸಮನಾಗಿ ಕುಳಿತಿತು, ಅಕ್ಷ ಸಡಿಲವಾಯಿತು, ಮುಳ್ಳು ಒಮ್ಮೆ ನಡುಗಿ ಎದ್ದಿತು. ಹಿಂದಿನ ಸಣ್ಣ ರಂಧ್ರದೊಳಗಿನ ತಿರುಪಿನಿಂದ ಅದನ್ನು ಸರಿಯಾದ ಒತ್ತಡಕ್ಕೆ ಹೊಂದಿಸಬೇಕು. ಬಜ್ಪೆ ವಿಮಾನ ನಿಲ್ದಾಣದ ಹವಾಮಾನ ವರದಿಯಲ್ಲಿ ಸಮುದ್ರಮಟ್ಟಕ್ಕೆ ಇಳಿಸಿದ ಒತ್ತಡ ಸಿಗುತ್ತದೆ; ಅಂದು 1008 ಹೆಕ್ಟೋಪಾಸ್ಕಲ್, ಅಂದರೆ 29.77 ಅಂಗುಲ. ಮರುದಿನ ಬೆಳಗ್ಗೆ ಹತ್ತಕ್ಕೆ ಮುಳ್ಳು ತುಸು ಮೇಲೆ, ಸಂಜೆ ನಾಲ್ಕಕ್ಕೆ ತುಸು ಕೆಳಗೆ. ನಮ್ಮ ಅಕ್ಷಾಂಶಗಳಲ್ಲಿ ಗಾಳಿಯ ಒತ್ತಡ ದಿನಕ್ಕೆರಡು ಸಲ ಹೀಗೆ ಉಬ್ಬರವಿಳಿತದಂತೆ ಏರಿಳಿಯುತ್ತದೆ. ಕೂದಲಿನಷ್ಟು ಆ ಚಲನೆಯೂ ಕಂಡಾಗ ಸರಪಳಿ ಎಲ್ಲಿಯೂ ಸಿಕ್ಕಿಕೊಂಡಿಲ್ಲವೆಂದು ನಂಬಿಕೆ ಬಂತು.

ಮಾಪಕವನ್ನು ಬೋಳಾರದ ಚಾವಡಿಯಲ್ಲಿ ತೂಗುಹಾಕಿದ ದಿನ ಮಾಡಿನ ಹೆಂಚಿನಿಂದ ನೀರು ಹಗ್ಗದಂತೆ ಇಳಿಯುತ್ತಿತ್ತು. ಮುಳ್ಳು ಬದಲಾವಣೆ ಮತ್ತು ಒಳ್ಳೆಯ ಹವೆಯ ನಡುವೆ ನಿಂತಿತ್ತು. ಇಂಗ್ಲೆಂಡಿನ ಲೆಕ್ಕದಲ್ಲಿ ಮಳೆ ಎಂದರೆ 29. ನಮ್ಮ ಆಟಿ ತಿಂಗಳ ಮಳೆಗೂ ಒತ್ತಡ ಅಷ್ಟು ಕೆಳಗೆ ಇಳಿಯುವುದಿಲ್ಲ. ಗೆಳೆಯನ ತಾಯಿ ಮುಳ್ಳನ್ನು ನೋಡಿದರು, ಅಂಗಳವನ್ನು ನೋಡಿದರು, ಮೊದಲಿನದ್ದೇ ಹೆಚ್ಚು ಸರಿಯಿತ್ತಲ್ಲ ಎಂದರು.

ಆರು ಸ್ಕ್ರೂ ಹೆಚ್ಚುವರಿಯಾಗಿ ಮಾಡಿದ್ದೆ; ಅಚ್ಚು ಹೊಂದಿದ ಮೇಲೆ ಒಂದಕ್ಕೆ ಹತ್ತು ನಿಮಿಷವೂ ಬೇಕಾಗುವುದಿಲ್ಲ. ಅವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಮೇಲೆ 10 ಬಿಎ, ಎಂ1.6 ಅಲ್ಲ ಎಂದು ಬರೆದು, ಮಾಪಕದ ಹಿಂಬದಿಯ ಒಳಗೆ ಅಂಟಿಸಿದ್ದೇನೆ.